ಬಳೆಗಾರನ ಸ್ಕೂಟರು

"ಗುರುಗಳೇ, ನೀವು ಹಾಕಿಕೊಟ್ಟ ಕಟ್ಟಳೆಗಳನ್ನೆಲ್ಲ ಪಾಲಿಸಿದೆ. ಅದರಿಂದ ಏನಾಯಿತು ಎಂದು ಹುಡುಕಿದರೆ ಏನೂ ಕಾಣುವುದಿಲ್ಲ. ಕಾಣದ ಫಲವನ್ನು ನಂಬುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಳೆಗಾರನಿದ್ದ. ಊರೂರು ತಿರುಗಿ ಬಳೆ ತೊಡಿಸುವುದು ಅವನ ಕಾಯಕ. ಮಂಡಿನೋವು ಹೆಚ್ಚಾದಾಗ ಒಂದು ಕರೆಂಟಿನ ಸ್ಕೂಟರು ಕೊಂಡ. ಅಡುಗೆಮನೆಯ ಹಳೆಯ ಪ್ಲಗ್ಗಿನಿಂದ ಕಿಟಕಿಯಲ್ಲಿ ವೈರು ಎಳೆದು ಚಾರ್ಜು ಮಾಡುತ್ತಿದ್ದ. ಪ್ಲಗ್ಗು ಮುಟ್ಟಿದರೆ ಸುಡುತ್ತಿತ್ತು. ಹೆಂಡತಿ ಚಂದ್ರವ್ವ ಹಠ ಹಿಡಿದು ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅವನು ಮೀಟರಿನಿಂದ ಅಂಗಳಕ್ಕೆ ಬೇರೆ ಲೈನು ಎಳೆದ. ನೆಲದಲ್ಲಿ ಅರ್ಥಿಂಗ್ ಹೂಳಿದ. ಕರೆಂಟು ಸೋರಿದರೆ ತಾನಾಗಿಯೇ ಕೆಳಗೆ ಬಿದ್ದು ಲೈನು ನಿಲ್ಲಿಸುವ ಸ್ವಿಚ್ಚು ಹಾಕಿದ. "ಇದು ಬಿದ್ದರೆ ಕಾರಣ ತಿಳಿಯುವ ತನಕ ಗಾಡಿಯನ್ನು ಬೇರೆ ಯಾವ ಪ್ಲಗ್ಗಿಗೂ ಹಾಕಬೇಡಿ" ಎಂದ.

ಬಹಳ ಕಾಲ ಆ ಸ್ವಿಚ್ಚು ಬೀಳಲೇ ಇಲ್ಲ. ಸುಮ್ಮನೆ ಇಷ್ಟೆಲ್ಲ ಮಾಡಿಸಿದೆವು ಎಂದು ಬಳೆಗಾರನಿಗೆ ಅನಿಸತೊಡಗಿತು.

ಒಂದು ದಿನ ಪಕ್ಕದೂರಿನಲ್ಲಿ ಸೀಮಂತವಿತ್ತು. ಬೆಳಿಗ್ಗೆ ನೋಡಿದರೆ ಸ್ಕೂಟರಿನಲ್ಲಿ ಚಾರ್ಜು ಇಲ್ಲ. ಪ್ಲಗ್ಗು ಹಾಕಿದ, ಸ್ವಿಚ್ಚು ಬಿತ್ತು. ಎತ್ತಿದ, ಮತ್ತೆ ಬಿತ್ತು. ಸಿಟ್ಟು ಬಂದು ಒಳಗಿನಿಂದ ಹಳೆಯ ವೈರು ತಂದು ಕಿಟಕಿಯ ಕಡೆ ಹೊರಟ.

ಚಂದ್ರವ್ವ ಅಡ್ಡ ನಿಂತಳು. "ಬೇಡ ಅಂತ ಅವನು ಹೇಳಿಲ್ವಾ?"

"ದಾರಿ ಬಿಡು. ಅಲ್ಲಿ ಬಸುರಿ ಹೆಂಗಸು ಬಳೆಗೆ ಕಾಯ್ತಾ ಕೂತಿದ್ದಾಳೆ."

"ಇಲ್ಲೂ ಒಬ್ಬಳಿದ್ದಾಳೆ, ನೋಡಿ."

ಬಳೆಗಾರ ತಿರುಗಿ ನೋಡಿದ. ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಬರಿಗಾಲಿನಲ್ಲಿ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಬೆನ್ನು ನೋವಾಗಿ, ಸ್ಕೂಟರಿನ ಮೇಲೆ ಕೈಯೂರಿ ನಿಂತಳು.

ವೈರನ್ನು ಅಲ್ಲೇ ಕೆಳಗಿಟ್ಟ. ಬಳೆಯ ಗಂಟನ್ನು ಹೆಗಲಿಗೇರಿಸಿ, ಮಂಡಿ ಹಿಡಿದುಕೊಂಡೇ ಬಸ್ಸಿಗೆ ನಡೆದ. ತಲುಪುವಾಗ ತಡವಾಗಿತ್ತು. ಹೆಂಗಸರು ಗೊಣಗಿದರು, ಆಮೇಲೆ ಕೈ ಚಾಚಿದರು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದು ನೋಡಿದ. ಚಾರ್ಜರಿನ ವೈರನ್ನು ಇಲಿ ಕಡಿದಿತ್ತು. ಒಳಗಿನ ತಂತಿ ಸ್ಕೂಟರಿನ ಕಬ್ಬಿಣಕ್ಕೆ ತಾಗಿಕೊಂಡಿತ್ತು. ಹಳೆಯ ಪ್ಲಗ್ಗಿಗೆ ಹಾಕಿದ್ದರೆ ಯಾವ ಸ್ವಿಚ್ಚೂ ಬೀಳುತ್ತಿರಲಿಲ್ಲ, ಗಾಡಿಯ ಮೈಗೆಲ್ಲ ಕರೆಂಟು ಹರಿಯುತ್ತಿತ್ತು ಎಂದ. ಚಂದ್ರವ್ವ ಮಗಳನ್ನು ಪಕ್ಕಕ್ಕೆ ಎಳೆದು ಕೂರಿಸಿಕೊಂಡು, ಅವಳ ಒದ್ದೆ ಪಾದಗಳನ್ನು ಸೆರಗಿನಿಂದ ಒರೆಸಿದಳು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು.

ಶಿಷ್ಯ, "ಆಮೇಲೆ ಏನಾಯಿತು, ಗುರುಗಳೇ?" ಎಂದ.

"ಏನೂ ಆಗಲಿಲ್ಲ, ಆ ಏನೂ ಆಗದ್ದಕ್ಕೆ ಈಗ ಎರಡು ಹಲ್ಲು ಬಂದಿವೆ, ಅಜ್ಜನನ್ನು ಕಂಡರೆ ನಗುತ್ತದೆ" ಎಂದರು ಗುರುಗಳು.