ಗಣಪತಿಯ ಹಿಂದಿನ ಕೆಂಪು ದೀಪ

ಹಳೇ ಸಣ್ಣ ಕಾರೊಂದರಲ್ಲಿ, ಎಂಜಿನ್ ಆಯಿಲ್ ಕಮ್ಮಿಯಾದರೆ ಉರಿಯುವ ಕೆಂಪು ದೀಪವಿತ್ತು. ಅದು ಆರದೆ ಉರಿಯತೊಡಗಿದಾಗ ಮಾಲೀಕ ಕೊಟ್ರಪ್ಪ ಆಯಿಲ್ ಸೋರುವುದನ್ನು ರಿಪೇರಿ ಮಾಡಿಸಲಿಲ್ಲ. ಖರ್ಚು ಯಾರಿಗೆ ಬೇಕು? ದೀಪದ ಮೇಲೊಂದು ಗಣಪತಿಯ ಸ್ಟಿಕ್ಕರ್ ಅಂಟಿಸಿ ಕಾರನ್ನು ಮಾರಾಟಕ್ಕಿಟ್ಟ.

“ಸ್ವಾಮಿ, ತುಸು ಸರಿಯಿರಿ,” ಎಂದಿತು ದೀಪ. “ಎಂಜಿನ್ ಒಣಗುತ್ತಿದೆ. ಕೊಳ್ಳುವವನಿಗೆ ನಾನು ಕಾಣಬೇಕು.”

“ಅಂಟಿಸಿದವನು ಕಿತ್ತರೆ ತಾನೇ ನಾನು ಸರಿಯುವುದು? ನೀನೇ ಇನ್ನಷ್ಟು ಜೋರಾಗಿ ಉರಿ,” ಎಂದ ಗಣಪತಿ.

ದೀಪ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಉರಿಯಿತು. ಕಾರು ನೋಡಲು ಬಂದ ಭರಮಣ್ಣ ಸ್ಟಾರ್ಟ್ ಮಾಡಿದ್ದೇ ತಡ, ಗಣಪತಿಯ ಸುತ್ತ ಕೆಂಪು ಪ್ರಭೆ ಕಂಡಿತು. “ಆಹಾ, ಏನು ಕಳೆ!” ಎಂದು ಕೈಮುಗಿದು, ಬಾನೆಟ್ ಎತ್ತಿಯೂ ನೋಡದೆ ಕೊಂಡುಬಿಟ್ಟ.

ದಿನಾ ಬೆಳಿಗ್ಗೆ ದೀಪ ಬೊಬ್ಬೆ ಹೊಡೆಯಿತು. ಭರಮಣ್ಣ ಭಕ್ತಿಯಿಂದ ಊದುಬತ್ತಿ ಬೆಳಗಿದ. ಕಡೆಗೊಮ್ಮೆ ಬೈಪಾಸಿನಲ್ಲಿ ಎಂಜಿನ್ ಕಟಕಟ ಎಂದು ಜಾಮ್ ಆಯಿತು. ಇದನ್ನು ರಿಪೇರಿ ಮಾಡಿಸುವುದಕ್ಕಿಂತ ಇನ್ನೊಂದು ಕಾರು ಕೊಳ್ಳುವುದೇ ಅಗ್ಗ ಎಂದ ಮೆಕ್ಯಾನಿಕ್.

ಭರಮಣ್ಣ ಸ್ಟಿಕ್ಕರಿನ ಮುಂದೆ ಗೋಳಾಡಿದ: “ಗಣಪ್ಪಾ, ಮೊದಲೇ ಒಂದು ಸೂಚನೆಯಾದರೂ ಕೊಡಬಾರದಿತ್ತಾ?”

“ದಿನಾ ಕೊಟ್ಟೆನಲ್ಲೋ ಭರಮಣ್ಣ,” ಎಂದ ಗಣಪತಿ. “ನೀನು ಅದಕ್ಕೇ ಊದುಬತ್ತಿ ಬೆಳಗಿದೆ.”