ವಾಮದೇವನ ಕೈಗುಣ

ಹೊಳೆದಂಡೆಯ ಮಠದ ದವಾಖಾನೆಗೆ ನಿಜಗುಣಯ್ಯನವರೇ ಹಿರಿಯ ವೈದ್ಯರು. ಅವರ ಕೈಕೆಳಗೆ ಪಳಗುತ್ತಿದ್ದ ಕಿರಿಯ ಡಾಕ್ಟರು ವಾಮದೇವ.

ಮಠದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಬಸಲಿಂಗವ್ವನಿಗೆ ಬೆರಳ ಗಂಟುಗಳು ಬಾತುಕೊಂಡವು. ಬೆಳಗ್ಗೆ ಎದ್ದರೆ ಮುಷ್ಟಿ ಮಡಚಲು ಬಾರದು. ಸಂಧಿವಾತದ ಆರಂಭ. ಕೈ ಹೋದರೆ ಅವಳ ಬದುಕೇ ಹೋದಂತೆ.

ವಾಮದೇವ ಎರಡು ಗುಳಿಗೆ ಕೊಟ್ಟ. ಮೊದಲನೆಯದು ವಾರಕ್ಕೊಮ್ಮೆ ನುಂಗುವುದು. ಕೀಲು ಕಾಯುವುದು ಅದೇ, ಆದರೆ ಬಲು ನಿಧಾನ. ಅದು ಹತ್ತುವ ತನಕ ನೋವು, ಬಾವು ತಡೆಯಲಿ ಎಂದು ದಿನವೂ ಸ್ವಲ್ಪ ಸ್ಟೀರಾಯ್ಡ್. ಮದ್ದೇನೋ ಸರಿಯಾಗಿಯೇ ಇತ್ತು.

ಎರಡು ಮೂರು ದಿನಕ್ಕೇ ಮುಷ್ಟಿ ಮಡಚಿತು.

“ಏನ್ ಕೈಗುಣರೀ ಡಾಕ್ಟರ್‍ದು! ಮುಟ್ಟಿದ್ರ ಸಾಕು, ನೋವು ಓಡಿ ಹೋಗ್ತೈತಿ!” ಎಂದು ಬಸಲಿಂಗವ್ವ ಸಿಕ್ಕಸಿಕ್ಕವರಿಗೆಲ್ಲ ಹೇಳಿದಳು. ವಾಮದೇವ ಉಬ್ಬಿಹೋದ. ಯಾರು ಉಬ್ಬುವುದಿಲ್ಲ ಹೇಳಿ?

ಸ್ಟೀರಾಯ್ಡ್ ಪ್ರಮಾಣ ಇಳಿಸುವ ಹೊತ್ತು ಬಂತು.

“ಅದೊಂದು ಮುಟ್ಟಬ್ಯಾಡ್ರಿ,” ಎಂದು ಅವಳು ಅಂಗಲಾಚಿದಳು. “ಬೇಕಾದ್ರ ವಾರದ ಗುಳಿಗಿ ಬಿಡಸ್ರಿ. ಅದರಿಂದ ಏನೂ ಆಗವಲ್ದು.”

ಆ ಹೊಗಳಿಕೆ ಎಲ್ಲಿ ತಪ್ಪೀತೋ ಎಂದು ವಾಮದೇವನಿಗೆ ಇಳಿಸುವ ಮನಸ್ಸಾಗಲಿಲ್ಲ. “ಹೋಗಲಿ, ಇದೊಂದು ತಿಂಗಳು” ಎಂದು ಅಷ್ಟನ್ನೇ ಬರೆದುಕೊಟ್ಟ. ಮುಂದಿನ ತಿಂಗಳೂ ಅದೇ ಮಾತು. ಅವಳೋ ವಾರದ ಗುಳಿಗೆಯನ್ನು ಸದ್ದಿಲ್ಲದೆ ಬಿಟ್ಟೇಬಿಟ್ಟಳು.

ಒಂದು ದಿನ ನಿಜಗುಣಯ್ಯ ಅವಳ ಮುಖ ದಿಟ್ಟಿಸಿದರು. ದುಂಡಗೆ ಉಬ್ಬಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿತ್ತು. ಎರಡೂ ಸ್ಟೀರಾಯ್ಡ್ ಅತಿಯಾದುದರ ಗುರುತು.

“ಮೈ ತುಂಬೈತ್ರಿ,” ಎಂದು ಅವಳು ನಕ್ಕಳು.

ವಾಮದೇವ ಅವಳ ಚೀಟಿ ಎಳೆದುಕೊಂಡ. “ತಪ್ಪಾತ್ರಿ ಗುರುಗಳ. ಇವತ್ತ ಅದನ್ನ ನಿಲ್ಲಿಸಿಬಿಡ್ತೀನಿ.”

“ಹುಚ್ಚಪ್ಪಾ! ಇಷ್ಟು ದಿನ ತಗೊಂಡದ್ದನ್ನ ಒಮ್ಮೆಲೇ ನಿಲ್ಲಿಸಿದ್ರ ಆಕಿ ಜೀವಕ್ಕ ಕುತ್ತು.”

ಗುರುಗಳು ತಾವೇ ಚೀಟಿ ಬರೆದರು. ಅವಳು ಬಿಟ್ಟದ್ದನ್ನು ಕೇಳಿ ತಿಳಿದು, ವಾರದ ಗುಳಿಗೆ ಮತ್ತೆ ಶುರು ಮಾಡಿಸಿದರು. ಸ್ಟೀರಾಯ್ಡ್ ಸ್ವಲ್ಪ ಸ್ವಲ್ಪವೇ ಇಳಿಕೆ.

“ನೋವು ಮತ್ತ ಬಂದ್ರ?” ಎಂದಳು ಬಸಲಿಂಗವ್ವ.

“ಬಂದ್ರ ಇಲ್ಲಿಗೆ ಬಾ, ಯವ್ವಾ. ಅಂಗಡ್ಯಾಗ ಆ ಸ್ಟೀರಾಯ್ಡ್ ನೀನ ಕೊಂಡು ನುಂಗಬ್ಯಾಡ. ವಾರದ ಗುಳಿಗಿ ಬಿಡಬ್ಯಾಡ, ಬೆರಳು ಸೊಟ್ಟ ಆಗಬಾರದಲ್ಲ?”

ಅವಳು ಮುಖ ಗಂಟಿಕ್ಕಿಕೊಂಡು ಎದ್ದಳು. ವಾಮದೇವನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲಾಚೆ ಅವಳ ದನಿ ಕೇಳಿಸಿತು: “ಸಣ್ಣ ಡಾಕ್ಟರ್ ಕೈಗುಣಾನೂ ಅಷ್ಟಕ್ಕಷ್ಟ!”

ವಾಮದೇವನ ಮುಖ ಸಪ್ಪಗಾಯಿತು. “ಎಲ್ಲಾ ಗೊತ್ತಿದ್ದೂ ನಾ ಯಾಕ ಆವತ್ತ ಇಳಿಸಲಿಲ್ಲ, ಗುರುಗಳ?”

ನಿಜಗುಣಯ್ಯ ಪೆನ್ನಿಗೆ ಮುಚ್ಚಳ ಹಾಕಿದರು.

“ಆಕಿ ಗುಳಿಗಿ ನಾ ಇಳಿಸೇನಿ, ತಮ್ಮಾ. ನಿನ್ನ ಹೊಗಳಿಕಿ ಗುಳಿಗಿ ನೀನ ಇಳಿಸ್ಕೊ.”