ಪ್ರಾರ್ಥನೆಯ ವಿಷಯ

ಜ್ಞಾನಮಿತ್ರ ತನ್ನ ಚರ್ಚಿನ ಸಭಾಪಾಲಕರ ಮಾನ ಕಳೆದ. ಜಗಳವಾಡಿ ಅಲ್ಲ, ಪ್ರಾರ್ಥನೆ ಮಾಡಿ.

ಬುಧವಾರದ ಕೂಟದಲ್ಲಿ ಪ್ರಾರ್ಥನೆಯ ವಿಷಯ ಏನಿದೆ ಎಂದು ಕೇಳಿದಾಗ ಒಬ್ಬರು ಮಂಡಿನೋವು ಹೇಳಿದರು, ಇನ್ನೊಬ್ಬರು ಮಗಳ ಪರೀಕ್ಷೆ ಹೇಳಿದರು. ಇವನು ಎದ್ದು ನಿಂತು, ಕರುಣಪ್ಪ ಪಾಲಕರಿಗಾಗಿ ಬೇಡಿಕೊಳ್ಳೋಣ, ಅವರು ಹಾಡಹಗಲೇ ಹೆಂಡದಂಗಡಿಯಿಂದ ಹೊರಬಂದದ್ದನ್ನು ಕಂಡೆ, ಕರ್ತನು ಅವರನ್ನು ಬಿಡಿಸಲಿ ಎಂದ. ಎಲ್ಲರೂ ಮೊಣಕಾಲೂರಿ, ಕಣ್ಣು ಮುಚ್ಚಿ ಆಮೆನ್ ಅಂದರು.

ಅಂದಿನಿಂದ ಯಾವ ಮನೆಯೂ ಪಾಲಕರನ್ನು ಒಳಗೆ ಕರೆಯಲಿಲ್ಲ. ಕಾಯಿಲೆಯವರ ತಲೆಯ ಮೇಲೆ ಕೈಯಿಡಲೂ ಬಿಡಲಿಲ್ಲ. ಅವರು ಹದಿನೈದು ದಿನ ನೋಡಿದರು. ಈ ದಿನ ನಾಲ್ಕು ಗಂಟೆಯ ಬಸ್ಸಿಗೆ ಊರು ಬಿಡುತ್ತಿದ್ದಾರೆ.

ಸುದ್ದಿ ಹೊಳೆದಂಡೆಯ ಆಶ್ರಮಕ್ಕೆ ಬಂದಾಗ ಗುರು ಹನೋಕಪ್ಪನವರು ಎದುರಿಗೆ ಕೂತಿದ್ದ ಶಿಷ್ಯ ಜ್ಞಾನಮಿತ್ರನ ಕಿತ್ತ ಚಪ್ಪಲಿಗೆ ಹೊಲಿಗೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಆ ಪ್ರಾರ್ಥನೆ ಇನ್ನೊಮ್ಮೆ ಮಾಡು," ಎಂದರು. "ಇಲ್ಲಲ್ಲ, ಕರುಣಪ್ಪನವರ ಎದುರು ಕೂತು."

"ಅವರ ಎದುರು ಹೇಗೆ ಗುರುಗಳೇ? ನಾಲಿಗೆ ಏಳುವುದಿಲ್ಲ."

"ದೇವರ ಎದುರು ಎದ್ದಿತ್ತಲ್ಲ. ಪಾಲಕರು ದೇವರಿಗಿಂತ ದೊಡ್ಡವರಾದರೇನು?"

ಜ್ಞಾನಮಿತ್ರ ಗೊಣಗಿದ. ತಾನು ಕಂಡದ್ದನ್ನೇ ಹೇಳಿದೆ, ಒಳ್ಳೆಯದಕ್ಕೇ ಹೇಳಿದೆ ಎಂದ.

"ಅಂಗಡಿಗೆ ಯಾಕೆ ಹೋಗಿದ್ದಿರಿ ಅಂತ ಅವರನ್ನು ಕೇಳಿದೆಯಾ?"

"ಇಲ್ಲ."

"ನಾನು ನಿನ್ನೆ ಹೋಗಿ ಕೇಳಿದೆ. ನಿಮ್ಮ ಸಭೆಯವನೇ ಒಬ್ಬ ಕುಡಿದು ಬಿದ್ದಿದ್ದ. ಯಾರ ಕಣ್ಣಿಗೂ ಬೀಳದ ಹಾಗೆ ಅವನನ್ನು ಹಿಂಬಾಗಿಲಿಂದ ಮನೆಗೆ ಸಾಗಿಸಿ, ತಾವು ಮುಂಬಾಗಿಲಿಂದ ಬಂದರು."

"ಯಾರು ಅವನು?"

ಗುರುಗಳು ದಬ್ಬಳ ಕೆಳಗಿಟ್ಟರು.

"ನೋಡು, ಬುದ್ಧಿ ಬರಲೇ ಇಲ್ಲ ನಿನಗೆ. ಅವರು ಊರು ಬಿಡೋಕೆ ಒಪ್ಪಿದರು, ಅವನ ಹೆಸರು ಬಿಟ್ಟುಕೊಡೋಕೆ ಒಪ್ಪಲಿಲ್ಲ. ನೀನೋ, ಕೇಳದೆ ಇದ್ದವರಿಗೂ ಅವರ ಹೆಸರು ಹಂಚಿದೆ."

ಜ್ಞಾನಮಿತ್ರನ ಮುಖ ಬಾಡಿತು. ಕೆಟ್ಟದ್ದರಿಂದ ದೂರವಿರಬೇಕೆಂದು ದಿನವೂ ಓದುತ್ತೇನೆ, ಇದು ಕೆಟ್ಟದ್ದೆಂದು ಹೊಳೆಯಲೇ ಇಲ್ಲ ಎಂದ.

"ಹೇಗೆ ಹೊಳೆಯುತ್ತೆ? ಕೆಟ್ಟದ್ದು ಕೋರೆಹಲ್ಲು ತೋರಿಸಿಕೊಂಡು ಬರುತ್ತೆ ಅಂತ ಕಾಯುತ್ತಿದ್ದೆ. ಅದು ಕಣ್ಣು ಮುಚ್ಚಿ, ಕೈ ಜೋಡಿಸಿಕೊಂಡು ಬಂತು."

ಗೋಡೆಯ ಗಡಿಯಾರ ಮೂರು ಹೊಡೆಯಿತು. ಶಿಷ್ಯ ಅಲ್ಲೇ ಮೊಣಕಾಲೂರಿದ. ಕ್ಷಮಿಸೆಂದು ಕರ್ತನನ್ನು ಬೇಡಿಕೊಳ್ಳುತ್ತೇನೆ ಎಂದು ಕಣ್ಣು ಮುಚ್ಚಿದ.

ಹೊಲಿದ ಚಪ್ಪಲಿ ಅವನ ಮುಂದೆ ಧೊಪ್ಪನೆ ಬಿತ್ತು.

"ಕಣ್ಣು ಬಿಡು. ಮೊಣಕಾಲೂರಿ ಕೆಡಿಸಿದ್ದನ್ನು ಕಾಲಲ್ಲಿ ನಡೆದು ಸರಿಮಾಡು. ಆಮೆನ್ ಅಂದವರ ಬಾಗಿಲುಗಳನ್ನೂ ಬಡಿ, ಎಲ್ಲರನ್ನೂ ಎಬ್ಬಿಸಿಕೊಂಡು ಬಸ್ಸಿಗೆ ಅಡ್ಡ ನಿಲ್ಲು. ಹೋಗು."